ಡ್ಯಾಟ್ ಕ್ಯಾಸೆಟ್: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಿಂದಾಗಲಿ, ಡೊಂಬಿವಲಿಯಿಂದಾಗಲಿ, ಭಾಂಡುಪ್‌ನಿಂದಾಗಲಿ, ನನಗೆ ಬರುವ ಕರೆಗಳ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ನಮ್ಮ ಹಳೆಯ ಕಟ್ಟಡ ಕೆಡವುತ್ತಿದ್ದಾರೆ, ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಒಂದು ಡಬ್ಬಿ ಸಿಕ್ಕಿತು, ಒಳಗೆ ಪುಟ್ಟ ಪುಟ್ಟ ಕ್ಯಾಸೆಟ್‌ಗಳಿವೆ, ಯಾವ ಟೇಪ್ ರೆಕಾರ್ಡರಿಗೂ ಹಿಡಿಸುವುದಿಲ್ಲ." ಅಂಧೇರಿಯ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಧ್ವನಿಮುದ್ರಕನಾಗಿ ದುಡಿದವನು ನಾನು. ಈಗ ಬಿಡುವಿನಲ್ಲಿ ಇಂಥ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುತ್ತಿದ್ದುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ಕೈಯಲ್ಲಿರುವುದು ಡ್ಯಾಟ್ ಕ್ಯಾಸೆಟ್ ಎಂದು ತಿಳಿಯುವುದು ಹೇಗೆ?

ಡ್ಯಾಟ್ ಎಂದರೆ ಡಿಜಿಟಲ್ ಆಡಿಯೋ ಟೇಪ್, ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಟೇಪು. ಅಳತೆಪಟ್ಟಿ ಇಟ್ಟು ನೋಡಿ. ಡ್ಯಾಟ್ ಕ್ಯಾಸೆಟ್ 73 ಮಿಲಿಮೀಟರ್ ಉದ್ದ, 54 ಅಗಲ, 10.5 ದಪ್ಪ. ಮಾಮೂಲಿ ಹಾಡಿನ ಕ್ಯಾಸೆಟ್ಟಿನ ಸುಮಾರು ಅರ್ಧ. ಟೇಪು ಹೊರಗೆ ಕಾಣುವುದಿಲ್ಲ, ಮುಂಭಾಗದ ಮುಚ್ಚಳದ ಒಳಗೆ ಅಡಗಿರುತ್ತದೆ. ಮುಚ್ಚಳವನ್ನು ಬೆರಳಿನಿಂದ ಎತ್ತಿ ನೋಡುವ ಆಸೆ ಬೇಡ. ಮಿನಿಡಿವಿ ಎಂಬ ವಿಡಿಯೋ ಕ್ಯಾಸೆಟ್ ನೋಡಲು ಇದರಂತೆಯೇ ಇದ್ದರೂ ಇನ್ನೂ ಚಿಕ್ಕದು, ತುಸು ದಪ್ಪ. ಮದುವೆಯ ವಿಡಿಯೋಗಳು ಅದರಲ್ಲಿ ಇರುತ್ತವೆ. ಮೇಲೆ "ಡಿಡಿಎಸ್" ಎಂದು ಬರೆದಿದ್ದರೆ ಅದು ಕಂಪ್ಯೂಟರ್ ಮಾಹಿತಿಗಾಗಿ ಮಾಡಿದ ಟೇಪು. ಆದರೆ ಅದರಲ್ಲೂ ಸಂಗೀತ ಇರಬಹುದು. ಏಕೆಂದು ಮುಂದೆ ಹೇಳುತ್ತೇನೆ.

ಮಾಮೂಲಿ ಕ್ಯಾಸೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ?

ಗಾತ್ರ ನೋಡಿ ಇದು ಕ್ಯಾಸೆಟ್ಟಿನ ತಮ್ಮ ಎಂದುಕೊಳ್ಳಬೇಡಿ. ಒಳಗಿನ ಕೆಲಸದಲ್ಲಿ ಇದು ವಿಡಿಯೋ ಟೇಪಿನ ಮನೆತನಕ್ಕೆ ಸೇರಿದ್ದು. ಮಾಮೂಲಿ ಕ್ಯಾಸೆಟ್ಟಿನಲ್ಲಿ ಟೇಪನ್ನು ಬರೆಯುವ, ಓದುವ ಹೆಡ್ ನಿಂತಿರುತ್ತದೆ, ಟೇಪು ಅದರ ಮುಂದೆ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಡ್ಯಾಟ್‌ನಲ್ಲಿ ಟೇಪಿನ ನಡಿಗೆ ಸೆಕೆಂಡಿಗೆ 8.15 ಮಿಲಿಮೀಟರ್ ಮಾತ್ರ, ಬಸವನ ಹುಳುವಿನ ಹಾಗೆ. ಓಡುವುದು ಹೆಡ್. 30 ಮಿಲಿಮೀಟರ್ ವ್ಯಾಸದ ಒಂದು ಪುಟ್ಟ ಡ್ರಮ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ. ಅದರ ಮೇಲಿನ ಎರಡು ಹೆಡ್‌ಗಳು ಟೇಪಿನ ಮೇಲೆ ಓರೆಯಾಗಿ ಗೀಟು ಎಳೆಯುತ್ತ ಹೋಗುತ್ತವೆ. ಒಂದೊಂದು ಗೀಟಿನ ಅಗಲ ಸುಮಾರು 13.6 ಮೈಕ್ರಾನ್, ತಲೆಗೂದಲೊಂದರ ದಪ್ಪದಲ್ಲಿ ನಾಲ್ಕೈದು ಗೀಟುಗಳು ಅಡಗುತ್ತವೆ.

ಆ ಗೀಟುಗಳಲ್ಲಿ ಇರುವುದು ಬರೀ ಅಂಕಿ. ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ, ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ ಬರೆದಿಡುತ್ತದೆ. ಗಂಟೆಯೊಂದಕ್ಕೆ ಸುಮಾರು 690 ಮೆಗಾಬೈಟ್. ಏನನ್ನೂ ಹಿಂಡಿ ಕುಗ್ಗಿಸುವುದಿಲ್ಲ. 1987ರಲ್ಲಿ ಅಂಗೈಯಗಲದ ಪೆಟ್ಟಿಗೆಯಲ್ಲಿ ಎರಡು ಗಂಟೆಯ ಇಂಥ ಧ್ವನಿ ಹಿಡಿಯುತ್ತಿತ್ತು ಎಂಬುದು ನನಗೆ ಇವತ್ತಿಗೂ ಬೆರಗಿನ ಸಂಗತಿ. ಆ ಕಾಲದ ಕಚೇರಿ ಕಂಪ್ಯೂಟರುಗಳ ಹಾರ್ಡ್ ಡಿಸ್ಕಿನಲ್ಲಿ ಎರಡು ನಿಮಿಷದ್ದನ್ನು ಇಡುವುದೂ ಕಷ್ಟವಿತ್ತು.

ಇನ್ನೊಂದು ಜಾಣತನವನ್ನು ಹೇಳದೆ ಮುಂದೆ ಹೋಗಲಾರೆ. ಅಳತೆಗಳನ್ನು ಬಂದ ಸಾಲಿನಲ್ಲೇ ಬರೆಯುವುದಿಲ್ಲ. ಸಮಸಂಖ್ಯೆಯವು ಒಂದು ಗೀಟಿನಲ್ಲಿ, ಬೆಸಸಂಖ್ಯೆಯವು ಪಕ್ಕದ ಗೀಟಿನಲ್ಲಿ ಹೋಗುವಂತೆ ಹಂಚಿಬಿಡುತ್ತದೆ. ಒಂದು ಹೆಡ್ಡಿಗೆ ಪೂರ್ತಿ ಕೊಳೆ ಕೂತರೂ ಅರ್ಧದಷ್ಟು ಅಳತೆಗಳು ಕೈಗೆ ಸಿಗುತ್ತವೆ. ನಡುವಿನ ಅಂತರವನ್ನು ಯಂತ್ರ ಅಂದಾಜಿನಿಂದ ತುಂಬುತ್ತದೆ. ಇದರ ಮೇಲೆ ರೀಡ್-ಸೊಲೊಮನ್ ಎಂಬ ದೋಷ ತಿದ್ದುವ ಸಂಕೇತದ ಎರಡು ಪದರಗಳ ಕಾವಲು ಬೇರೆ.

ಕೆಲವು ಟೇಪಿನ ಮೇಲೆ 48, ಕೆಲವದರ ಮೇಲೆ 44.1 ಎಂದು ಬರೆದಿದೆಯಲ್ಲ?

ಸೆಕೆಂಡಿಗೆ ಎಷ್ಟು ಸಾವಿರ ಅಳತೆ ಎಂಬ ಲೆಕ್ಕ ಅದು. 44.1 ಎಂಬ ವಿಚಿತ್ರ ಸಂಖ್ಯೆ ಸಿಡಿಯದು. ಅದು ಹುಟ್ಟಿದ್ದು ವಿಡಿಯೋ ಟೇಪಿನಿಂದ. ಸಿಡಿಯ ಮೂಲಪ್ರತಿಯನ್ನು ಆಗ ಯು-ಮ್ಯಾಟಿಕ್ ವಿಡಿಯೋ ಕ್ಯಾಸೆಟ್ಟಿನಲ್ಲಿ ಇಡುತ್ತಿದ್ದರು. ಚಿತ್ರದ ಒಂದು ಗೆರೆಗೆ 3 ಅಳತೆ, ಒಂದು ಕ್ಷೇತ್ರಕ್ಕೆ (ಅಂದರೆ ಅರ್ಧ ಚಿತ್ರಕ್ಕೆ) 245 ಗೆರೆ, ಸೆಕೆಂಡಿಗೆ 60 ಕ್ಷೇತ್ರ: ಗುಣಿಸಿ ನೋಡಿ, 44,100. ನಮ್ಮ ದೇಶದಲ್ಲಿ ಬಳಸುವ 50 ಕ್ಷೇತ್ರದ ಪದ್ಧತಿಯಲ್ಲಿ 294 ಗೆರೆ ಹಿಡಿದರೂ ಅದೇ ಉತ್ತರ. ಡ್ಯಾಟ್‌ನಲ್ಲಿ 32 ಸಾವಿರದ ಆಯ್ಕೆಯೂ ಇದೆ. ಅದರಲ್ಲೇ 12 ಬಿಟ್‌ನ "ಎಲ್‌ಪಿ" ವಿಧಾನದಲ್ಲಿ 2 ಗಂಟೆಯ ಟೇಪು 4 ಗಂಟೆ ಓಡುತ್ತದೆ. ಎಲ್ಲ ಯಂತ್ರಗಳೂ ಇದನ್ನು ಓದುವುದಿಲ್ಲ. ಇಡೀ ರಾತ್ರಿಯ ಯಕ್ಷಗಾನದ ಆಟವನ್ನು ಮುದ್ರಿಸಿದವರು ಹಲವರು ಇದನ್ನೇ ಬಳಸಿರುತ್ತಾರೆ, ಗಮನವಿರಲಿ.

ಇಷ್ಟು ಒಳ್ಳೆಯದಾಗಿದ್ದರೆ ಮನೆಮನೆಗೆ ಏಕೆ ಬರಲಿಲ್ಲ?

ಒಳ್ಳೆಯದಾಗಿದ್ದೇ ಅದಕ್ಕೆ ಮುಳುವಾಯಿತು. ಮಾಮೂಲಿ ಕ್ಯಾಸೆಟ್ಟಿನಲ್ಲಿ ನಕಲಿನ ನಕಲು ಮಾಡುತ್ತ ಹೋದರೆ ಸರಸರ ಸದ್ದು ಏರಿ ಸ್ವರ ಮಂಕಾಗುತ್ತಿತ್ತು. ಡ್ಯಾಟ್‌ನಿಂದ ಡ್ಯಾಟ್‌ಗೆ ಅಂಕಿಗಳನ್ನೇ ಕಳಿಸಿದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಇದನ್ನು ಕೇಳಿಯೇ ಅಮೆರಿಕದ ಧ್ವನಿಮುದ್ರಿಕೆ ಕಂಪನಿಗಳು ದಿಗಿಲುಬಿದ್ದವು.

ಸಿಬಿಎಸ್ ಕಂಪನಿ "ಕಾಪಿಕೋಡ್" ಎಂಬ ಉಪಾಯ ಮುಂದಿಟ್ಟಿತು. ಸಂಗೀತದಲ್ಲಿ 3,840 ಹರ್ಟ್ಸ್ ಸುತ್ತಲಿನ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸಿ ತೆಗೆಯುವುದು, ಆ ಖಾಲಿ ಜಾಗವನ್ನು ಗುರುತಿಸಿದ ಕೂಡಲೇ ಯಂತ್ರ ಮುದ್ರಣ ನಿಲ್ಲಿಸುವುದು. ಸಂಗೀತವನ್ನು ಕಾಯುವುದಕ್ಕಾಗಿ ಸಂಗೀತದಿಂದಲೇ ಒಂದು ತುಂಡು ಕೀಳುವ ಯೋಜನೆ! ಅಮೆರಿಕ ಸರ್ಕಾರದ ರಾಷ್ಟ್ರೀಯ ಮಾನಕ ಸಂಸ್ಥೆ ಪರೀಕ್ಷಿಸಿ, ಇದು ಕೆಲವೊಮ್ಮೆ ಧ್ವನಿಯನ್ನು ಕೆಡಿಸುತ್ತದೆ, ಎಲ್ಲ ಸಲ ಕೆಲಸ ಮಾಡುವುದೂ ಇಲ್ಲ, ತಪ್ಪಿಸಿಕೊಳ್ಳುವುದೂ ಸುಲಭ ಎಂದು 1988ರಲ್ಲಿ ವರದಿ ಕೊಟ್ಟಿತು. ಯೋಜನೆ ಅಲ್ಲಿಗೆ ಬಿತ್ತು. ಅದೇ ವರ್ಷದ ಆರಂಭದಲ್ಲಿ, ಡ್ಯಾಟ್ ತಯಾರಿಸುತ್ತಿದ್ದ ಸೋನಿಯೇ ಸಿಬಿಎಸ್ ರೆಕಾರ್ಡ್ಸನ್ನು ಕೊಂಡುಕೊಂಡಿತು.

ಕೊನೆಗೆ ಆದ ರಾಜಿ ಎಂದರೆ ಎಸ್‌ಸಿಎಂಎಸ್ ಎಂಬ, ನಕಲಿನ ನಕಲು ತಡೆಯುವ ಬೀಗ. ಮೂಲದಿಂದ ಒಂದು ಡಿಜಿಟಲ್ ನಕಲು ಮಾಡಬಹುದು, ಆ ನಕಲಿನಿಂದ ಇನ್ನೊಂದು ಮಾಡಲಾಗದು. ಅಮೆರಿಕದ ಅಂಗಡಿಗಳಿಗೆ ಈ ಬೀಗ ಹಾಕಿದ ಯಂತ್ರಗಳು ಬಂದದ್ದು 1990ರಲ್ಲಿ. ಇಂಥ ನಕಲಿನಿಂದ ತಮಗೆ ನಷ್ಟವೆಂದು ಗೀತರಚನಕಾರ ಸ್ಯಾಮಿ ಕಾನ್ ಸೋನಿಯ ಮೇಲೆ ಮೊಕದ್ದಮೆ ಹೂಡಿದರು. 1992ರ ಕಾಯ್ದೆ ಯಂತ್ರದ ಮೇಲೆ ಶೇಕಡ 2, ಖಾಲಿ ಟೇಪಿನ ಮೇಲೆ ಶೇಕಡ 3ರಷ್ಟು ಶುಲ್ಕ ವಿಧಿಸಿತು. ಈ ಜಗಳ ಮುಗಿಯುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಜನ ಸಿಡಿಗೆ ಒಗ್ಗಿಹೋಗಿದ್ದರು, ಡ್ಯಾಟ್ ಯಂತ್ರದ ಬೆಲೆ ಇಳಿದಿರಲಿಲ್ಲ, ಡ್ಯಾಟ್‌ನಲ್ಲಿ ಸಿದ್ಧ ಸಂಗೀತ ಮಾರಲು ಕಂಪನಿಗಳು ಮುಂದೆ ಬಂದಿರಲಿಲ್ಲ. ನನಗಂತೂ ಈ ಇತಿಹಾಸ ನೆನೆದಾಗಲೆಲ್ಲ ಸಂಕಟವಾಗುತ್ತದೆ. ನಕಲಾಗುತ್ತದೆ ಎಂದು ಹೆದರಿ ಮೂಲೆಗೆ ತಳ್ಳಿದ ಟೇಪುಗಳನ್ನು ಇಂದು ಉಳಿಸಲು ಇರುವ ದಾರಿಯೂ ನಕಲು ಮಾಡುವುದೊಂದೇ.

ಹಾಗಾದರೆ ಮುಂಬಯಿಯಲ್ಲಿ ಇದು ಯಾರ ಕೈಯಲ್ಲಿತ್ತು?

ವೃತ್ತಿಯವರ ಕೈಯಲ್ಲಿ. 1990ರ ದಶಕದಲ್ಲಿ ಇಲ್ಲಿನ ಸ್ಟುಡಿಯೋದೊಳಗೆ ಕಾಲಿಟ್ಟರೆ ಪ್ಯಾನಾಸಾನಿಕ್ ಎಸ್‌ವಿ-3700 ಅಥವಾ ಟ್ಯಾಸ್ಕಾಮ್ ಡಿಎ-30 ಕಾಣುತ್ತಿತ್ತು. ಬಹುಟ್ರ್ಯಾಕ್‌ನಲ್ಲಿ, ಅಂದರೆ ದನಿ ವಾದ್ಯಗಳನ್ನು ಬೇರೆ ಬೇರೆಯಾಗಿ, ಮುದ್ರಿಸಿದ ಹಾಡನ್ನು ಬೆರೆಸಿ, ಎರಡು ಟ್ರ್ಯಾಕಿಗೆ ಇಳಿಸಿ, ಡ್ಯಾಟ್‌ನಲ್ಲಿ ಹಾಕಿ ಕೊಡುತ್ತಿದ್ದೆವು. "ಡ್ಯಾಟ್ ಆಯಿತೇ?" ಎಂದು ಕೇಳಿದರೆ "ಕೆಲಸ ಮುಗಿಯಿತೇ?" ಎಂದೇ ಅರ್ಥ. ಹೊರಾಂಗಣದಲ್ಲಿ ಮುದ್ರಿಸುವವರ ಹೆಗಲಲ್ಲಿ ಎಚ್‌ಎಚ್‌ಬಿ ಪೋರ್ಟಾಡ್ಯಾಟ್ ಅಥವಾ ಸಿನಿಮಾದವರ ಫೋಸ್ಟೆಕ್ಸ್ ಪಿಡಿ-4 ತೂಗುತ್ತಿತ್ತು.

ಇನ್ನೊಂದು ಗುಂಪು ಸಂಗೀತದ ಹುಚ್ಚಿನವರದು. ಸೋನಿ ಟಿಸಿಡಿ-ಡಿ7, ಡಿ8 ಎಂಬ ಕೈಚೀಲದಲ್ಲಿ ಹಿಡಿಸುವ ಯಂತ್ರಗಳನ್ನು ದುಬೈಯಿಂದಲೋ ಸಿಂಗಾಪುರದಿಂದಲೋ ಬರುವ ನೆಂಟರ ಕೈಯಲ್ಲಿ ತರಿಸಿಕೊಂಡವರು ಇವರು. ಇವರಲ್ಲಿ ನಮ್ಮವರು ಕಡಿಮೆ ಇರಲಿಲ್ಲ. ಹಗಲು ಬ್ಯಾಂಕಿನ ಕೆಲಸ, ಸಂಜೆ ಕಛೇರಿಯ ಮೊದಲ ಸಾಲು. ನಿಮ್ಮ ಅಟ್ಟದ ಡಬ್ಬಿ ಹೆಚ್ಚಾಗಿ ಇಂಥ ಒಬ್ಬರದ್ದೇ.

ಯಕ್ಷಗಾನವನ್ನು ಡ್ಯಾಟ್‌ನಲ್ಲಿ ಮುದ್ರಿಸಿದರೆ ಏನು ವಿಶೇಷ?

ಈ ಪ್ರಶ್ನೆಗೆ ನಾನು ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನನಗೆ ಬರುವ ಟೇಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಕ್ಷಗಾನ, ತಾಳಮದ್ದಳೆಗಳೇ. ಊರಿನಲ್ಲಿ ಮೇ ಕೊನೆಯ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮಳೆಗಾಲದ ತಿರುಗಾಟಕ್ಕೆ ಮುಂಬಯಿಗೆ ಬರುತ್ತಾರೆ. ಹೊರಗೆ ಮಳೆ, ಒಳಗೆ ಆಟ. ಮುದ್ರಣಕ್ಕೆ ಇದು ವರ. ಬಯಲಾಟದ ಗಾಳಿ, ಜನರೇಟರಿನ ಸದ್ದು ಇಲ್ಲದೆ ಮುಚ್ಚಿದ ಸಭಾಂಗಣದಲ್ಲಿ ಭಾಗವತಿಕೆ ಸ್ವಚ್ಛವಾಗಿ ಸಿಗುತ್ತಿತ್ತು.

ಕಷ್ಟವಿದ್ದದ್ದು ಚೆಂಡೆಯಲ್ಲಿ. ಅರ್ಥಧಾರಿ ತಗ್ಗಿದ ದನಿಯಲ್ಲಿ ಕರುಣರಸದ ಮಾತಾಡುತ್ತಿರುತ್ತಾನೆ, ಮರುಗಳಿಗೆ ಏರುಪದಕ್ಕೆ ಚೆಂಡೆ ಸಿಡಿಯುತ್ತದೆ. ಮಾಮೂಲಿ ಕ್ಯಾಸೆಟ್ಟಿನಲ್ಲಿ ಇವೆರಡನ್ನೂ ಒಟ್ಟಿಗೆ ಹಿಡಿಯಲು ಸಾಧ್ಯವೇ ಇರಲಿಲ್ಲ. ಮಾತಿಗೆ ಹೊಂದಿಸಿದರೆ ಚೆಂಡೆ ಒಡೆಯುತ್ತದೆ, ಚೆಂಡೆಗೆ ಹೊಂದಿಸಿದರೆ ಮಾತು ಟೇಪಿನ ಸರಸರದಲ್ಲಿ ಮುಳುಗುತ್ತದೆ. ಡ್ಯಾಟ್‌ನ 90 ಡೆಸಿಬಲ್ ಮೀರಿದ ಹರವಿನಲ್ಲಿ ಎರಡಕ್ಕೂ ಜಾಗವಿತ್ತು. ಆದರೆ ಷರತ್ತು ಒಂದಿತ್ತು. ಹಳೆಯ ಟೇಪಿನಲ್ಲಿ ಮುಳ್ಳು ಕೆಂಪಿಗೆ ಹೋದರೂ ಧ್ವನಿ ಮೆಲ್ಲಗೆ ದಪ್ಪವಾಗುತ್ತಿತ್ತು, ಅಷ್ಟೆ. ಡಿಜಿಟಲ್‌ನಲ್ಲಿ ಅತಿ ಮೇಲಿನ ಮಟ್ಟವಾದ ಸೊನ್ನೆಯ ಗೆರೆ ದಾಟಿದ ಪೆಟ್ಟು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ, ಕಿವಿಗೆ ಬಡಿಯುತ್ತದೆ. ಅದಕ್ಕೆ ನಾನು ಆಟದ ಆರಂಭದ ಅಬ್ಬರತಾಳದ ಹೊತ್ತಿಗೇ ಮಟ್ಟ ನೋಡಿಕೊಂಡು, ಅತಿ ಜೋರಿನ ಪೆಟ್ಟು ಸೊನ್ನೆಗಿಂತ 10–12 ಡೆಸಿಬಲ್ ಕೆಳಗೆ ನಿಲ್ಲುವಂತೆ ಹೊಂದಿಸುತ್ತಿದ್ದೆ. ರಾತ್ರಿ ಮುಂದುವರಿದಂತೆ ಚೆಂಡೆಯವನ ಕೈ ಬಿಸಿಯಾಗುತ್ತದೆ, ಆ ಜಾಗ ತುಂಬಿಯೇ ತುಂಬುತ್ತದೆ. ಹಾಗಾಗಿ ನಿಮ್ಮ ಟೇಪಿನಲ್ಲಿ ಮಾತು ಬಹಳ ಮೆಲ್ಲಗೆ ಕೇಳಿಸಿದರೆ ಮುದ್ರಿಸಿದವರು ಅಜ್ಞಾನಿಗಳೆಂದು ತಿಳಿಯಬೇಡಿ, ಬಲ್ಲವರೇ ಇದ್ದರು.

ಯಾವಾಗ ಮರೆಯಾಯಿತು?

ಒಂದೇ ದಿನ ಅಲ್ಲ. 1990ರ ದಶಕದ ಕೊನೆಗೆ ಸಿಡಿ ಬರೆಯುವ ಯಂತ್ರಗಳು ಅಗ್ಗವಾದವು. ಆಮೇಲೆ ಸ್ಟುಡಿಯೋದ ಕೆಲಸವೆಲ್ಲ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಹೋಯಿತು. ಅಲ್ಲಿ ಹಿಂದೆ ಮುಂದೆ ಸುತ್ತುವ ತಾಪತ್ರಯವಿಲ್ಲ, ಕತ್ತರಿಸಿ ಜೋಡಿಸುವುದು ಕ್ಷಣದ ಕೆಲಸ. 2004ರಿಂದ 2006ರ ನಡುವೆ ಹಾರ್ಡ್ ಡಿಸ್ಕ್ ಮತ್ತು ಮೆಮೊರಿ ಕಾರ್ಡಿನ ಸಣ್ಣ ಮುದ್ರಣ ಯಂತ್ರಗಳು ಬಂದು ಹೊರಾಂಗಣದಲ್ಲೂ ಡ್ಯಾಟ್‌ನ ಜಾಗ ಹಿಡಿದವು. ಸೋನಿ 2005ರ ಕೊನೆಯಲ್ಲಿ ಯಂತ್ರಗಳ ತಯಾರಿಕೆ ನಿಲ್ಲಿಸಿತು. ಈಗಿರುವವೆಲ್ಲ ಹಳೆಯವು. ಒಂದರ ಹೆಡ್ ಸವೆದರೆ ಇನ್ನೊಂದು ಸತ್ತ ಯಂತ್ರದಿಂದ ಭಾಗ ಕಿತ್ತು ಹಾಕಬೇಕು.

ಮಿನಿಡಿಸ್ಕ್, ಡಿಸಿಸಿ, ಎಡ್ಯಾಟ್ ಕೂಡ ಇದೇ ಏನು?

ಅಲ್ಲ. ಮಿನಿಡಿಸ್ಕ್ ಮತ್ತು ಫಿಲಿಪ್ಸ್‌ನ ಡಿಸಿಸಿ ಎರಡೂ 1992ರಲ್ಲಿ ಬಂದವು, ಎರಡೂ ಧ್ವನಿಯನ್ನು ಹಿಂಡಿ ಇಡುತ್ತಿದ್ದವು. ಡಿಸಿಸಿ ನಾಲ್ಕೇ ವರ್ಷದಲ್ಲಿ ಕಣ್ಮುಚ್ಚಿತು. ಎಡ್ಯಾಟ್ ಎಂಬುದು ಅಲೆಸಿಸ್ ಕಂಪನಿಯದು, ಸೂಪರ್ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ 8 ಟ್ರ್ಯಾಕ್ ಮುದ್ರಿಸುವಂಥದ್ದು. ಹೆಸರಿನ ಹೋಲಿಕೆಗೆ ಮರುಳಾಗಿ ಡ್ಯಾಟ್ ಯಂತ್ರ ಇರುವವರ ಬಳಿಗೆ ಒಯ್ಯಬೇಡಿ.

ಡಿಜಿಟಲ್ ಅಲ್ಲವೇ, ಹಾಳಾಗುವುದು ಹೇಗೆ?

ಅಂಕಿ ಹಾಳಾಗುವುದಿಲ್ಲ, ಅಂಕಿ ಬರೆದ ಟೇಪು ಹಾಳಾಗುತ್ತದೆ. ಹಳೆಯ ಸ್ಪೂಲ್ ಟೇಪು ವಯಸ್ಸಾದವರ ಹಾಗೆ: ದನಿ ಸೊರಗುತ್ತ ಹೋಗುತ್ತದೆ, ಆದರೆ ಮಾತು ತಿಳಿಯುತ್ತದೆ. ಡ್ಯಾಟ್ ಹಾಗಲ್ಲ. ದೋಷ ತಿದ್ದುವ ಶಕ್ತಿ ಇರುವವರೆಗೆ ನೂರಕ್ಕೆ ನೂರು ಸ್ಪಷ್ಟ. ಅದು ಸೋತ ಕ್ಷಣದಲ್ಲಿ ಚಟಪಟ ಸದ್ದು, ಅದರಾಚೆ ಬರೀ ಮೌನ. ಕಳೆದ ವರ್ಷ ಚೆನ್ನಾಗಿ ಕೇಳಿಸಿತ್ತು ಎಂಬುದು ಈ ವರ್ಷಕ್ಕೆ ಭರವಸೆಯಲ್ಲ.

ಇನ್ನೊಂದು ತೊಡಕನ್ನು ನಾನು ಪೆಟ್ಟು ತಿಂದು ಕಲಿತೆ. 1996ರ ಮಳೆಗಾಲದಲ್ಲಿ ನನ್ನ ಸೋನಿ ಡಿ7ನಲ್ಲಿ ಮುದ್ರಿಸಿದ ಒಂದು ತಾಳಮದ್ದಳೆ ಹತ್ತು ವರ್ಷದ ನಂತರ ಸ್ಟುಡಿಯೋದ ಯಾವ ಯಂತ್ರದಲ್ಲೂ ಓಡಲಿಲ್ಲ. ಟೇಪು ಸತ್ತಿದೆ ಎಂದು ಕೈಬಿಟ್ಟಿದ್ದೆ. ಕೊನೆಗೆ ಕಪಾಟಿನ ತಳದಲ್ಲಿದ್ದ ಆ ಡಿ7ನ್ನೇ ದುರಸ್ತಿ ಮಾಡಿಸಿ ಹಾಕಿದರೆ ಒಂದು ಬಿಕ್ಕಳಿಕೆಯೂ ಇಲ್ಲದೆ ಪೂರ್ತಿ ಓಡಿತು. ಟೇಪು ಸಾಗುವ ಹಾದಿ ಅದರಲ್ಲಿ ಕೂದಲೆಳೆಯಷ್ಟು ಓರೆಯಾಗಿತ್ತು, ಗೀಟುಗಳೂ ಹಾಗೆಯೇ ಓರೆಯಾಗಿ ಬಿದ್ದಿದ್ದವು. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಟೇಪಿನ ಜೊತೆ ಯಂತ್ರವೂ ಸಿಕ್ಕಿದ್ದರೆ, ಅದು ಕೆಟ್ಟಿದ್ದರೂ ಗುಜರಿಗೆ ಹಾಕಬೇಡಿ.

ಮುಂಬಯಿಯ ಹವೆಯಲ್ಲಿ ಇಡುವುದು ಹೇಗೆ?

ಹೊರಗೋಡೆಗೆ ಅಂಟಿದ ಕಪಾಟು ಬೇಡ, ಸ್ಪೀಕರ್ ಪಕ್ಕ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಟೇಪನ್ನು ಪೂರ್ತಿ ಒಂದು ಕಡೆಗೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿಡಿ. ಜೂನ್‌ಗೆ ಮೊದಲು ಪೊಟ್ಟಣ ಬದಲಿಸಿ. ಹವಾನಿಯಂತ್ರಿತ ಕೋಣೆಯಿಂದ ತಂದ ತಣ್ಣನೆಯ ಯಂತ್ರವನ್ನು ಜುಲೈಯ ಸೆಖೆಯಲ್ಲಿ ತಕ್ಷಣ ಚಾಲೂ ಮಾಡಿದರೆ ಡ್ರಮ್ಮಿನ ಮೇಲೆ ಇಬ್ಬನಿ ಕೂರುತ್ತದೆ. ಯಂತ್ರ "ಡ್ಯೂ" ಎಂದು ತೋರಿಸಿ ನಿಂತರೆ ಅದು ಕೆಟ್ಟಿಲ್ಲ, ನಿಮ್ಮ ಟೇಪನ್ನು ಕಾಪಾಡುತ್ತಿದೆ. ಒಂದೆರಡು ಗಂಟೆ ಸುಮ್ಮನೆ ಬಿಡಿ.

ಯಂತ್ರ ಸಿಕ್ಕಿದೆ. ಒಮ್ಮೆ ಹಾಕಿ ನೋಡಲೇ?

ಬೆಲೆಬಾಳುವ ಟೇಪನ್ನು ಮೊದಲು ಹಾಕಲೇಬೇಡಿ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ರಬ್ಬರು ಜಿನುಗಿರುತ್ತದೆ, ಗ್ರೀಸು ಗಟ್ಟಿಯಾಗಿರುತ್ತದೆ. ಟೇಪನ್ನು ಹೊರಗೆಳೆದುಕೊಂಡು ವಾಪಸು ಬಿಡದೆ ಕಚ್ಚಿ ಹಿಡಿಯುವುದು ಇಂಥವೇ. ಹೆಡ್ ಒರೆಸಲು ಕಿವಿಯ ಹತ್ತಿಕಡ್ಡಿ ಬಳಸಿದರೆ ಅದರ ಎಳೆ ಹೆಡ್ಡಿನ ತುದಿಗೆ ಸಿಕ್ಕಿ ಅದನ್ನು ಮುರಿಯಬಹುದು. ಮೆದು ಚರ್ಮದ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್, ಡ್ರಮ್ ತಿರುಗುವ ದಿಕ್ಕಿನಲ್ಲಿ ಅಡ್ಡಡ್ಡವಾಗಿ ಮಾತ್ರ. ಮೇಲೆ ಕೆಳಗೆ ಉಜ್ಜಬಾರದು. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಜಾರುಗುಂಡಿಯನ್ನು "ಸೇಫ್" ಕಡೆಗೆ ಸರಿಸಿದ ಮೇಲೆಯೇ ಒಳಗಿಡಿ. 180 ನಿಮಿಷದ ಟೇಪಾಗಿದ್ದರೆ ಇನ್ನೂ ಎಚ್ಚರ. 90 ಮೀಟರಿನ ಡಿಡಿಎಸ್ ಟೇಪಿನಂತೆ ಅದು 9 ಮೈಕ್ರಾನ್ ದಪ್ಪ ಮಾತ್ರ, 120 ನಿಮಿಷದ್ದು 13. ಅಗ್ಗವೆಂದು, ಉದ್ದವೆಂದು ಡಿಡಿಎಸ್ ಟೇಪುಗಳಲ್ಲೇ ಸಂಗೀತ ಮುದ್ರಿಸಿದವರು ಬಹಳ. ಅವುಗಳಲ್ಲೂ ಸಂಗೀತ ಇರಬಹುದು ಎಂದು ಮೊದಲೇ ಹೇಳಿದ್ದು ಅದಕ್ಕೇ, ಎಸೆಯಬೇಡಿ.

ಕಂಪ್ಯೂಟರಿಗೆ ಇಳಿಸುವಾಗ ಜನ ಮಾಡುವ ತಪ್ಪು ಯಾವುದು?

ಹೆಡ್‌ಫೋನ್ ತೂತಿನಿಂದ ತಂತಿ ಎಳೆದು ಮತ್ತೆ ಮುದ್ರಿಸುವುದು. ಅಂಕಿಯನ್ನು ಧ್ವನಿ ಮಾಡಿ, ಧ್ವನಿಯನ್ನು ಮತ್ತೆ ಅಂಕಿ ಮಾಡುವ ಅನಗತ್ಯ ಸುತ್ತು. ಯಂತ್ರದ ಹಿಂದಿನ ಡಿಜಿಟಲ್ ಔಟ್‌ಪುಟ್ಟಿನಿಂದ, ತಂತಿಯದ್ದೋ ಬೆಳಕಿನದ್ದೋ, ನೇರವಾಗಿ ತೆಗೆದುಕೊಳ್ಳಿ.

ಎರಡನೆಯ ತಪ್ಪು ಗಡಿಯಾರದ್ದು. ಕಂಪ್ಯೂಟರಿನ ಧ್ವನಿಪೆಟ್ಟಿಗೆ ತನ್ನ ಸ್ವಂತ ಗಡಿಯಾರ ಬಿಟ್ಟು ಡ್ಯಾಟ್ ಯಂತ್ರದ ಲಯಕ್ಕೆ ನಡೆಯುವಂತೆ ಹೊಂದಿಸಬೇಕು, ಇಲ್ಲದಿದ್ದರೆ ನಡುನಡುವೆ ಟಿಕ್ ಸದ್ದು ಬೀಳುತ್ತದೆ. 44.1ರ ಟೇಪಿನ ಕಡತಕ್ಕೆ 48 ಎಂದು ಹಣೆಪಟ್ಟಿ ಹಚ್ಚಿದರೆ 60 ನಿಮಿಷದ ಪ್ರಸಂಗ 55 ನಿಮಿಷಕ್ಕೆ ಮುಗಿಯುತ್ತದೆ. ಕಪ್ಪು ಎರಡರಲ್ಲಿ ಹಾಡಿದ ಭಾಗವತರ ಶ್ರುತಿ ಬಿಳಿ ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ ಹೋಗಿ ನಿಲ್ಲುತ್ತದೆ. ಹಾರ್ಮೋನಿಯಂನಲ್ಲಿ ಇಲ್ಲದ ಶ್ರುತಿ! ಅಂಥ ಕಡತಗಳನ್ನು ಕೇಳಿ "ಆಗ ಎಷ್ಟು ಚುರುಕಾಗಿ ಹಾಡುತ್ತಿದ್ದರು" ಎಂದು ಮೆಚ್ಚಿದವರನ್ನು ಕಂಡಿದ್ದೇನೆ. ಕಲಾವಿದರಿಗೆ ಇದು ಅನ್ಯಾಯ.

ಮುದ್ರಿಸಿದ ದರದಲ್ಲೇ, 16 ಬಿಟ್‌ನಲ್ಲೇ, ವೇವ್ ಕಡತವಾಗಿ ಇಡಿ. ಸದ್ದು ತೆಗೆಯುವುದು, ಜೋರು ಮಾಡುವುದು ಏನಿದ್ದರೂ ಅದರ ಪ್ರತಿಯ ಮೇಲೆ. ಮೂರು ಕಡೆ ಉಳಿಸಿ, ಅದರಲ್ಲಿ ಒಂದು ಊರಿನ ಮನೆಯಲ್ಲಿರಲಿ.

ಕಂಪ್ಯೂಟರಿನ ಟೇಪ್ ಡ್ರೈವ್‌ನಲ್ಲಿ ಓದಿಸಬಹುದಂತೆ?

ಕೆಲವೇ ಕೆಲವು ಡಿಡಿಎಸ್ ಡ್ರೈವ್‌ಗಳಲ್ಲಿ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಕಂಪ್ಯೂಟರುಗಳ ಜೊತೆ ಬರುತ್ತಿದ್ದ, ವಿಶೇಷ ತಂತ್ರಾಂಶ ತುಂಬಿದ ಡ್ರೈವ್‌ಗಳು ಧ್ವನಿಯ ಟೇಪನ್ನೂ ಓದುತ್ತಿದ್ದವು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಡ್ರೈವ್ ಸಿಕ್ಕಿತೆಂದು ಆಸೆಯಿಂದ ಕೊಳ್ಳಬೇಡಿ, ಬಹುಪಾಲು ಡ್ರೈವ್‌ಗಳು ಧ್ವನಿಯ ಟೇಪನ್ನು ಹೊರಗೆ ಉಗುಳುತ್ತವೆ.

ಇಳಿಸಿದ ಕಛೇರಿಯನ್ನು ಅಂತರ್ಜಾಲಕ್ಕೆ ಏರಿಸಬಹುದೇ?

ಟೇಪು ನಿಮ್ಮದಾದರೂ ಹಾಡು ನಿಮ್ಮದಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದರ ಪ್ರದರ್ಶನ ಹಕ್ಕು 50 ವರ್ಷ ಇರುತ್ತದೆ. 1990ರ ದಶಕದ ಯಾವ ಕಛೇರಿಯೂ ಇನ್ನೂ ಅದರಿಂದ ಹೊರಬಂದಿಲ್ಲ. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿ. ಒಂದು ಪ್ರತಿ ಅವರಿಗೆ ಕೊಡಿ. ತಮ್ಮ ತಂದೆಯ ಯೌವನದ ದನಿಯನ್ನು ಮೊದಲ ಸಲ ಇಷ್ಟು ಸ್ಪಷ್ಟವಾಗಿ ಕೇಳಿದವರು ಅನುಮತಿ ನಿರಾಕರಿಸಿದ್ದನ್ನು ನಾನು ನೋಡಿಲ್ಲ.

ಟೇಪಿನ ಮೇಲೆ ಏನೂ ಬರೆದಿಲ್ಲ. ಖಾಲಿ ಎಂದು ಎಸೆಯಬಹುದೇ?

ಬೇಡ. ಪ್ಲಾಸ್ಟಿಕ್ ಹೊದಿಕೆ ಒಡೆದಿದೆ ಎಂದರೆ ಯಾರೋ ಅದನ್ನು ಬಳಸಿದ್ದಾರೆ. ಟೇಪಿನಲ್ಲಿ ಧ್ವನಿಯ ಜೊತೆಗೆ ಉಪಸಂಕೇತ ಎಂಬ ಬೇರೆ ಜಾಗವಿದೆ. ಕಳೆದ ಸಮಯ, ಹಾಡಿನ ಸಂಖ್ಯೆ, ಕೆಲವು ಯಂತ್ರಗಳಲ್ಲಿ ಮುದ್ರಿಸಿದ ದಿನಾಂಕ ಮತ್ತು ಗಂಟೆ ಕೂಡ ಅಲ್ಲಿ ದಾಖಲಾಗಿರುತ್ತದೆ. ಯಂತ್ರದ ತೆರೆಯಲ್ಲಿ ದಿನಾಂಕ ಕಂಡರೆ ಮೊದಲು ಅದನ್ನು ಬರೆದುಕೊಳ್ಳಿ. ಆ ದಿನಾಂಕ ಹಿಡಿದು ಹಳೆಯ ಆಮಂತ್ರಣ ಪತ್ರಿಕೆಗಳನ್ನು ಹುಡುಕಿದರೆ ಯಾವ ಸಭಾಂಗಣ, ಯಾವ ಪ್ರಸಂಗ, ಹಿಮ್ಮೇಳದಲ್ಲಿ ಯಾರು ಎಂಬುದು ಎಷ್ಟೋ ಸಲ ಸಿಕ್ಕಿದೆ. ಡಬ್ಬಿಯ ಜೊತೆ ಇದ್ದ ಚೀಟಿ, ಟಿಕೆಟ್ಟಿನ ತುಂಡು, ಡೈರಿ ಯಾವುದನ್ನೂ ಬೇರ್ಪಡಿಸದೆ ಹಾಗೆಯೇ ತನ್ನಿ.